ಅತ್ತೆ ಕೂತರೆ ಎಷ್ಟು ಪಿಎಸ್‌ಐ?

ಭತ್ತದ ಸೀಮೆಯವರಿಗೆ ಖಾಲಿ ಗಾಡಿ ಕಂಡರೆ ಆಗಿಬರುವುದಿಲ್ಲ. ಕಂಪ್ಲಿಯಿಂದ ಹೊಸಪೇಟೆಗೆ ಒಂದು ಸಹಿ ಹಾಕಿಸಿಕೊಂಡು ಬರಲು ಹೊರಟವನ ಡಿಕ್ಕಿಯಲ್ಲೂ ಯಾರದೋ ಮಗಳ ಮನೆಗೆ ಮುಟ್ಟಿಸಬೇಕಾದ ಸೋನಾ ಮಸೂರಿಯ 25 ಕೆಜಿ ಚೀಲ ಇದ್ದೇ ಇರುತ್ತದೆ. ಇಂಥ ಊರಲ್ಲಿ ನನ್ನ ಅಕ್ಕನ ಮಗ ಥಾರ್ ಕೊಂಡ. ಕಂಪನಿಯವರು ನೆಲದಿಂದ 226 ಮಿಲಿಮೀಟರ್ ಮೇಲೆ ನಿಲ್ಲಿಸಿ ಕೊಟ್ಟ ಗಾಡಿ ಅವನ ಕಣ್ಣಿಗೆ ಕುಳ್ಳಾಗಿ ಕಂಡಿತು. ಸ್ಪ್ರಿಂಗ್ ಬದಲಿಸಿ ಇನ್ನೆರಡು ಇಂಚು ಎತ್ತರಿಸಿದ.

ಎತ್ತರಿಸಿ ಹೋಗುವುದಾದರೂ ಎಲ್ಲಿಗೆ? ಹೊಳೆಯಾಚೆಯ ಅಂಜನಾದ್ರಿಗೆ 575 ಮೆಟ್ಟಿಲು. ಅಲ್ಲಿ ಗಾಡಿಗೆ ಕೆಲಸವಿಲ್ಲ. ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ ದಿನ, 650 ಮಿಲಿಮೀಟರ್ ನೀರಲ್ಲಿ ನಡೆಯಬಲ್ಲ ಅವನ ಗಾಡಿಗೂ ನನ್ನ ಹಳೇ ಸ್ಕೂಟರಿಗೂ ಪೊಲೀಸರ ಬ್ಯಾರಿಕೇಡ್ ಒಂದೇ. ವರ್ಷಕ್ಕೊಮ್ಮೆ ಸಂಡೂರಿನ ಕುಮಾರಸ್ವಾಮಿ ಗುಡಿ, ತಿಂಗಳಿಗೊಮ್ಮೆ ಹುಲಿಗಿ ಹುಣ್ಣಿಮೆ, ಉಳಿದಂತೆ ಗಂಗಾವತಿ ರಸ್ತೆ. ಆದರೆ ಇದನ್ನೆಲ್ಲ ಎತ್ತರದಲ್ಲಿ ಕೂತವನಿಗೆ ಕೆಳಗೆ ನಿಂತು ಹೇಳುವುದು ಕಷ್ಟ.

ಹುಣ್ಣಿಮೆಗೆ ಹುಲಿಗಿಗೆ ಹೊರಟ ದಿನ ಅಲ್ಲಿಯ ದೇವಿ ಹುಲಿಗೆಮ್ಮನೇ ಅವನಿಗೆ ಬುದ್ಧಿ ಹೇಳಿದಳು. ಪಾತ್ರೆ, ಒಲೆ, ಅಕ್ಕಿ, ನೀರಿನ ಕ್ಯಾನು, ಇಬ್ಬರ ಸೀಟಿನಲ್ಲಿ ಮೂವರು. ಹೊರಡುವಷ್ಟರಲ್ಲಿ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಹೆಡ್‌ಲೈಟು ರಸ್ತೆ ಬಿಟ್ಟು ಎದುರು ಬರುವವರ ಕಣ್ಣಿಗೇ ಬಡಿಯತೊಡಗಿತು. ಬೈಕಿನವರು ಬೈದದ್ದು ದಾರಿಯುದ್ದಕ್ಕೂ ಕೇಳಿಸಿತು. ಸಾವಿರಾರು ರೂಪಾಯಿ ಸುರಿದು ಸಂಪಾದಿಸಿದ ಎರಡು ಇಂಚನ್ನು ನೆಂಟರು ಕೂತೇ ಇಳಿಸಿದ್ದರು.

“ಮಾವ, ಹಿಂದ ಕುಂದರತೈತಿ” ಎಂದು ನನ್ನಲ್ಲಿಗೆ ಬಂದ. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆದವನಿಗೆ ಭಾರದ ವಿಷಯ ತಿಳಿದಿರುತ್ತದೆಂದು ನಮ್ಮ ಮನೆತನದ ನಂಬಿಕೆ.

ಹೊಸಪೇಟೆಯ ಪಾಟಾ ಮೇಸ್ತ್ರಿಯ ಹತ್ತಿರ ಹೋದೆವು. ಸಂಡೂರಿನ ಅದಿರು ಲಾರಿಗಳ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಕಟ್ಟಿ ಕಟ್ಟಿ ಕೈ ಕಬ್ಬಿಣವಾದ ಮನುಷ್ಯ. “ಒಂದ್ ಪಾಟಾ ಸೇರಿಸಿಬಿಡ್ತೀನಿ ಸಾರ್” ಎಂದವನೇ ಗಾಡಿಯಡಿ ಬಗ್ಗಿ ನೋಡಿ, ಅಲ್ಲಿ ಪಾಟಾ ಇಲ್ಲದೆ ಸುರುಳಿ ಸ್ಪ್ರಿಂಗ್ ಇರುವುದು ಕಂಡು, ಹೆಣ್ಣು ನೋಡಲು ಬಂದು ಬೇರೆ ಮನೆ ಹೊಕ್ಕವನಂತೆ ಎದ್ದು ನಿಂತ. ಬೊಲೆರೋ ಆಗಿದ್ದರೆ ಹತ್ತೇ ನಿಮಿಷದ ಮಾತಂತೆ. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಬಹುದಿತ್ತು. ಆದರೆ ಅದು ಹುಣ್ಣಿಮೆಯ ದಿನಕ್ಕೆ ಸರಿ, ಉಳಿದ ದಿನ ಖಾಲಿ ಗಾಡಿಯಲ್ಲಿ ಕೂತವರ ಬೆನ್ನೆಲುಬಿನ ಕೀಲು ಕೀಲನ್ನೂ ಎಣಿಸಿ ತೋರಿಸುತ್ತದೆ. ಖಾಲಿಯಿದ್ದರೂ ತುಂಬಿದ್ದರೂ ಒಂದೇ ಎತ್ತರ ನಿಲ್ಲುವ ವಾಹನ ನಮ್ಮ ಸೀಮೆಯಲ್ಲಿ ಒಂದೇ, ಐವತ್ತರ ನೋಟಿನ ಮೇಲಿರುವ ಹಂಪಿಯ ಕಲ್ಲಿನ ರಥ. ಅದಕ್ಕೆ ಸ್ಪ್ರಿಂಗೇ ಇಲ್ಲ.

ಕೊನೆಗೆ ಅಳಿಯ ಏರ್‌ಬ್ಯಾಗಿನ ಮಾತೆತ್ತಿದ. “ಡಿಕ್ಕಿ ಹೊಡೆದಾಗ ಉಬ್ಬತಾವಲ್ಲ, ಅವಾ?” ಎಂದಳು ಅಕ್ಕ. “ಅಲ್ಲಮ್ಮ, ಅತ್ತೆ ಕೂತಾಗ ಉಬ್ಬಿರಬೇಕಾದವು” ಎಂದ ಅವನು. ಅವನ ಅತ್ತೆ ಎಂದರೆ ನನ್ನ ಹೆಂಡತಿ. ನಾನು ಕೇಳಿಸದವನಂತೆ ಕೂತೆ.

ಸಂಗತಿ ಇಷ್ಟು. ಸುರುಳಿಯ ಹೊಟ್ಟೆಯೊಳಗೆ ಒಂದು ಗಟ್ಟಿ ಚೀಲ ತೂರಿಸಿ ಗಾಳಿ ತುಂಬುವುದು. ಅಮೆರಿಕದ ಏರ್ ಲಿಫ್ಟ್ ಕಂಪನಿ 1949ರಿಂದ ಇದೇ ದಂಧೆಯಲ್ಲಿದೆ. ಐರಾವತ ಬಸ್ಸಿನಲ್ಲಿ ಬೆಂಗಳೂರಿಗೆ ನಿದ್ದೆ ಮಾಡುತ್ತ ಹೋದವರೆಲ್ಲ ಗಾಳಿಯ ಮೇಲೆಯೇ ಮಲಗಿದವರು, ಆದರೆ ಆ ಬಸ್ಸಿನ ಪೂರ್ತಿ ಭಾರವನ್ನು ಗಾಳಿಯೇ ಹೊರುತ್ತದೆ; ಇದು ಬರೀ ಕೈಜೋಡಿಸುವ ಚೀಲ. ಲೋಹದ ಸ್ಪ್ರಿಂಗ್ ಮೊದಲ ಅಕ್ಕಿ ಚೀಲಕ್ಕೆ ಎಷ್ಟು ಬಗ್ಗುತ್ತದೋ ಎರಡನೆಯದಕ್ಕೂ ಹೆಚ್ಚುಕಮ್ಮಿ ಅಷ್ಟೇ ಬಗ್ಗುತ್ತದೆ. ಗಾಳಿ ಹಾಗಲ್ಲ, ಒತ್ತಿದಷ್ಟೂ ಬಿಗಿಯಾಗುತ್ತದೆ. ಮನೆಗೆ ಬಂದ ಮೇಲೆ ಗಾಳಿ ಬಿಟ್ಟರೆ ಗಾಡಿ ಮೊದಲಿನಂತೆ ಮೆತ್ತಗಾಗುತ್ತದೆ.

ಆದರೆ ಯಾವ ಚೀಲ, ಎಷ್ಟು ಗಾಳಿ ಎಂದು ಗೊತ್ತಾಗಲು ಹಿಂದಿನ ಅಚ್ಚಿನ ಮೇಲೆ ಬೀಳುವ ಭಾರ ಗೊತ್ತಾಗಬೇಕು. ಅದಕ್ಕೆ ಮಿಲ್ಲಿನ ವೇಬ್ರಿಡ್ಜ್ ಇತ್ತಲ್ಲ. ಮುಂದಿನ ಗಾಲಿ ಹೊರಗೆ, ಹಿಂದಿನ ಗಾಲಿ ಒಳಗೆ ನಿಲ್ಲಿಸಿ ಒಮ್ಮೆ ಖಾಲಿ ತೂಕ, ಒಮ್ಮೆ ಹುಲಿಗಿಗೆ ಹೊರಟ ತೂಕ. ಖಾಲಿ ತೂಕ ಸುಸೂತ್ರವಾಗಿ ಆಯಿತು. ಪಾತ್ರೆ ಹೇರಿದೆವು, ಅಕ್ಕಿ ಹೇರಿದೆವು. ಇನ್ನು ಮನುಷ್ಯರು ಎಂದಾಗ ಹೆಂಗಸರು ದೊಡ್ಡ ಪರದೆಯ ಮೇಲಿನ ಕೆಂಪು ಅಂಕಿಯನ್ನೂ, ಸುತ್ತ ನಿಂತ ಹಮಾಲರನ್ನೂ ನೋಡಿ, “ನಾವೇನು ಭತ್ತದ ಚೀಲಾ?” ಎಂದು ಇಳಿದೇಬಿಟ್ಟರು. ನನ್ನ ಹೆಂಡತಿ ತನ್ನ ತೂಕವನ್ನು ಬಾಯಿಮಾತಲ್ಲಿ ಹೇಳಿದಳು. ಅದು ನಮ್ಮ ಮದುವೆಯ ವರ್ಷದ ತೂಕ. ನಮ್ಮಲ್ಲಿ ಭತ್ತ ಕೊಳ್ಳುವುದು 75 ಕೆಜಿ ಚೀಲದ ಲೆಕ್ಕದಲ್ಲಿ. ನಾನು ಒಂದು ಅಂದಾಜು ಮಾಡಿ, ತಲೆಗೊಂದು ಚೀಲ ಎಂದು ಹಿಡಿದು, ಹಮಾಲರಿಂದ ಸೀಟಿನ ಮೇಲೆ ಮೂರು ಚೀಲ ಭತ್ತ ಕೂರಿಸಿದೆ. ಆ ಅವಮಾನಕ್ಕೆ ಇವತ್ತಿಗೂ ಮನೆಯಲ್ಲಿ ಕ್ಷಮೆ ಸಿಕ್ಕಿಲ್ಲ.

ಆ ಅಂಕಿ ಹಿಡಿದು ಅಂಗಡಿಗೆ ಹೋದಾಗ ಇನ್ನೊಂದು ಬಿಕ್ಕಟ್ಟು. ಗಾಡಿ ಎತ್ತರಿಸಿದ್ದರಿಂದ ಸುರುಳಿಯೂ ಉದ್ದವಾಗಿದೆ. ಮೂಲ ಅಳತೆಯ ಚೀಲ ಹಾಕಿದರೆ ಗಾಡಿ ಗುಂಡಿಯಲ್ಲಿ ಗಾಲಿ ಇಳಿಬಿಟ್ಟಾಗಲೆಲ್ಲ ಅದು ಒಳಗೆ ಕುಣಿಯುತ್ತದೆ, ವಾರೆಯಾಗುತ್ತದೆ, ಸುರುಳಿಯ ಸಂದಿಗೆ ಸಿಕ್ಕಿ ಹರಿಯುತ್ತದೆ. ಉದ್ದದ ಚೀಲ ಬೇಕು, ಇಲ್ಲವೇ ಅಡಿಗೆ ಬಿಲ್ಲೆ ಕೊಡಬೇಕು. ಸುರುಳಿಯ ಒಳವ್ಯಾಸ ಅಳೆಯಬೇಕು. ಒಳಗೆ ರಬ್ಬರಿನ ಸ್ಟಾಪರ್ ಇದ್ದರೆ ಅದಕ್ಕೂ ಜಾಗ ನೋಡಬೇಕು. ಎರಡೂ ಚೀಲಕ್ಕೆ ಒಂದೇ ನಳಿಗೆ ಸಾಕೆಂದು ಅಂಗಡಿಯವ ಹೇಳಿದ, ಅಗ್ಗವೂ ಹೌದು. ನಾನು ಬೇಡವೆಂದೆ. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಆಚೆ ಚೀಲಕ್ಕೆ ಓಡಿಹೋಗಿ ಗಾಡಿ ಇನ್ನಷ್ಟು ವಾಲುತ್ತದೆ; ಕುಮಾರಸ್ವಾಮಿ ಗುಡಿಯ ಘಾಟಿಯಲ್ಲಿ ಅಂಥ ಸ್ನೇಹ ನಮಗೆ ಬೇಕಿಲ್ಲ. ಎರಡಕ್ಕೂ ಬೇರೆ ಬೇರೆ ವಾಲ್ವ್ ಹಾಕಿಸಿದೆವು.

“ಇನ್ನು ಎಷ್ಟಾದರೂ ಹೇರಬಹುದಾ ಮಾವ?” ಎಂದ ಅಳಿಯ. ಹಿಂಭಾಗ ನೆಟ್ಟಗೆ ನಿಂತಿತೆಂದು ಅಚ್ಚು, ಬ್ರೇಕು, ಟೈರು ಗಟ್ಟಿಯಾದವೇ? ಆರ್‌ಸಿಯಲ್ಲಿ ಬರೆದ ತೂಕ ಗಾಳಿ ತುಂಬಿದರೆ ಏರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ರೂಪ ಬದಲಿಸುವವರ ಮೇಲೆ ಕಣ್ಣಿಟ್ಟಿದೆ ಎಂದೂ ನೆನಪಿಸಿದೆ. ಆ ಎರಡು ಇಂಚಿನ ಬಗ್ಗೆ ಅವನು ಮಾತು ಬದಲಿಸಿದ.

ಚೀಲದ ವಾಲ್ವ್ ಟೈರಿನದೇ ಥರದ್ದಾದ್ದರಿಂದ ಗಾಳಿಗೆ ಪಂಕ್ಚರ್ ಅಂಗಡಿಯೇ ಸಾಕು. ಖಾಲಿಯಿದ್ದಾಗ 5 ಪಿಎಸ್‌ಐ ಆದರೂ ಇರಬೇಕು, ಇಲ್ಲವಾದರೆ ಚೀಲ ಮಡಚಿ ಹಾಳಾಗುತ್ತದೆ. ಪೂರ್ತಿ ಹೇರಿದರೂ 35 ದಾಟಬಾರದು. ನಡುವೆ ಎಲ್ಲಿ ನಿಲ್ಲಿಸಬೇಕೆಂಬುದು ಅತ್ತೆಯ ಮೇಲೆ ನಿಂತಿದೆ. ಹೋದ ಹುಣ್ಣಿಮೆಗೆ ಅಂಗಡಿಯ ಹುಡುಗ ನಾಲ್ಕು ಟೈರಿಗೆ ಗಾಳಿ ಹಿಡಿದ, ಮತ್ತೆರಡು ವಾಲ್ವಿಗೂ ಹಿಡಿದ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಾಲಿ ಎಣಿಸಿ ನನ್ನತ್ತ ತಿರುಗಿದ.

“ಲಾರಿ ರೇಟ್ ಆಗತೈತಿ ಸಾರ್.”