ಗರಗರ ಮೀಮಾಂಸೆ: ಗಡಿಸೀಮೆಯ ಮಂದಜಾಲದ ತಾತ್ವಿಕ ನೆಲೆಗಳು

ಪ್ರಸ್ತುತ ಪ್ರಬಂಧವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಎಂಬ ತಾಲ್ಲೂಕು ಪಂಚಕದಲ್ಲಿ ಮೊಬೈಲು ಹಾಗೂ ಗಣಕಯಂತ್ರಗಳ ಪರದೆಯ ನಟ್ಟನಡುವೆ ಆವಿರ್ಭವಿಸಿ, ದರ್ಶನಾರ್ಥಿಗಳ ಸಹನೆಯನ್ನು ಪರೀಕ್ಷಿಸುತ್ತ ಗರಗರನೆ ತಿರುಗುವ ಚಕ್ರದ ಸ್ವರೂಪ, ಲಕ್ಷಣ, ಹೇತು ಹಾಗೂ ನಿವಾರಣೋಪಾಯಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಕ್ಕೊಳಪಡಿಸುವ ವಿನಮ್ರ ಪ್ರಯತ್ನವಾಗಿದೆ. ಶಿಷ್ಟ ಪರಂಪರೆಯಲ್ಲಿ ಈ ಚಕ್ರವನ್ನು ಕುರಿತು ಗಂಭೀರ ಚಿಂತನೆ ನಡೆದಿಲ್ಲ. ಜಾನಪದದಲ್ಲಿ ಮಾತ್ರ ಹೇರಳ ಸಾಮಗ್ರಿಯಿದೆ. ‘ನೆಟ್ ಬರಾಕತ್ತಿಲ್ರಿ’, ‘ರೇಂಜ್ ಇಲ್ರಿ’, ‘ಸರ್ವರ್ ಡೌನ್ ಐತಿ, ನಾಳೆ ಬರ್ರಿ’ ಎಂಬ ಮೂರು ಸೂತ್ರವಾಕ್ಯಗಳು ಐದೂ ತಾಲ್ಲೂಕುಗಳಲ್ಲಿ ಪಾಠಾಂತರವಿಲ್ಲದೆ ಲಭ್ಯವಾಗಿವೆ. ನಾಲ್ಕನೆಯದೂ ಒಂದಿದೆ, ಅದು ಮುದ್ರಣಯೋಗ್ಯವಲ್ಲ.

ಅಧಿಕರಣ 1: ಲಕ್ಷಣ ನಿರೂಪಣೆ

ಮಂದವೆಂದರೇನು ಎಂಬ ಪ್ರಶ್ನೆಯನ್ನು ಮೊದಲು ಮುಖಾಮುಖಿಯಾಗಬೇಕಿದೆ. ಪೂರ್ವಾಚಾರ್ಯರಾದ ಭಾರತ ಸರ್ಕಾರದವರು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಹರಿದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದರು. 2013ರಲ್ಲಿ ಅದನ್ನು 512 ಮಾಡಿದರು. 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿಸಿದರು. ಹೀಗಾಗಿ 512 ಕಿಲೋಬಿಟ್ಟಿನ ಅಥಣಿಯ ಗೃಹಸ್ಥನೊಬ್ಬ ಬ್ರಾಡ್‌ಬ್ಯಾಂಡುಳ್ಳವನಾಗಿ ಮಲಗಿ ಇಲ್ಲದವನಾಗಿ ಎದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ವಾಯರ್ ಅದೇ, ಬಿಲ್ಲೂ ಅದೇ. ಬದಲಾದದ್ದು ಅವನ ಅಸ್ಮಿತೆ ಮಾತ್ರ.

ಇಲ್ಲೊಂದು ಉಪಲಕ್ಷಣ. ಜಾಹೀರಾತು ಬಿಟ್ಟಿನಲ್ಲಿ ಮಾತಾಡುತ್ತದೆ, ಡೌನ್‌ಲೋಡು ಬೈಟಿನಲ್ಲಿ ಇಳಿಯುತ್ತದೆ, ಎಂಟು ಬಿಟ್ಟಿಗೆ ಒಂದು ಬೈಟು. ನೂರರ ಪ್ಲಾನು ಹಾಕಿಸಿದವನಿಗೆ ಪರದೆಯ ಮೇಲೆ ಹನ್ನೆರಡೂವರೆ ಕಂಡರೆ ಅದು ಗಣಿತ. ಒಂದೂವರೆ ಕಂಡರೆ ಅದು ಈ ಪ್ರಬಂಧದ ವಸ್ತು.

ಅಧಿಕರಣ 2: ವರ್ಗೀಕರಣ

ಮಂದಜಾಲವು ಸಪ್ತವಿಧ: ಗೃಹಾಂತರ್ಗತ, ಐಕ್ಷವ, ಪ್ರಭುತ್ವಾತ್ಮಕ, ಜಲಾಧೀನ, ಜಾತ್ರಾನಿಮಿತ್ತಕ, ವಿದ್ಯುದಧೀನ ಮತ್ತು ಅನಿರ್ವಚನೀಯ.

ಗೃಹಾಂತರ್ಗತ ಮಾಂದ್ಯ. ಸಹಾಯವಾಣಿಯ ಆಚಾರ್ಯರು ಒಪ್ಪುವುದು ಈ ಒಂದೇ ಪ್ರಭೇದವನ್ನು. ಅವರ ಸಿದ್ಧಾಂತದ ಪ್ರಕಾರ ಜಗತ್ತಿನ ಸಕಲ ಮಾಂದ್ಯವೂ ಗ್ರಾಹಕನ ಮನೆಯೊಳಗೇ ಹುಟ್ಟುತ್ತದೆ. ಆದ್ದರಿಂದ ಪ್ರಥಮ ಚಿಕಿತ್ಸೆ ಮರಣ-ಪುನರ್ಜನ್ಮ ವಿಧಿ: ರೂಟರ್ ಆರಿಸಿ, ಮೂವತ್ತು ಎಣಿಸಿ, ಹಚ್ಚಿ. ಇದರಿಂದ ಕೆಲವೊಮ್ಮೆ ಗುಣವಾಗುವುದುಂಟು. ತಿಂಗಳುಗಟ್ಟಲೆ ಉರಿದ ಯಂತ್ರದ ನೆನಪು ಖಾಲಿಯಾಗುತ್ತದೆ. ದ್ವಿತೀಯ ಚಿಕಿತ್ಸೆ ಸ್ಥಾನಪಲ್ಲಟ. ನಮ್ಮ ಕಡೆ ರೂಟರನ್ನು ದೇವರ ಮಾಡದ ಪಕ್ಕವೋ ತಿಜೋರಿಯ ತಲೆಯ ಮೇಲೋ ಪ್ರತಿಷ್ಠಾಪಿಸುತ್ತಾರೆ. ಅದು ಗೌರವ ಸರಿ, ಆದರೆ ಕಬ್ಬಿಣದ ತಿಜೋರಿ ಅಲೆಗಳನ್ನು ತಡೆಯುತ್ತದೆ. 2.4 ಗಿಗಾಹರ್ಟ್ಸಿನ ಅಲೆ ಗೋಡೆ ದಾಟೀತು, ವೇಗ ಕಡಿಮೆ. 5 ಗಿಗಾಹರ್ಟ್ಸಿನದು ಚುರುಕು, ಒಂದೂವರೆ ಅಡಿ ಕಲ್ಲುಗೋಡೆ ಕಂಡರೆ ಸೋಲುತ್ತದೆ. ತೃತೀಯ ಚಿಕಿತ್ಸೆಯೇ ನಿಜವಾದದ್ದು: ಲ್ಯಾಪ್‌ಟಾಪನ್ನು ರೂಟರಿಗೆ ನೇರ ವಾಯರಿನಿಂದ ಜೋಡಿಸಿ ವೇಗ ನೋಡುವುದು. ಅಲ್ಲಿಯೂ ನಿಧಾನವೆಂದರೆ ದೋಷ ಮನೆಯಾಚೆಗಿದೆ ಎಂದು ಸಿದ್ಧವಾಯಿತು.

ಸಿದ್ಧವಾಯಿತು, ಆದರೆ ಯಾರಿಗೆ? ಈ ಫಲಿತಾಂಶವನ್ನು ಬರೆದುಕೊಳ್ಳಲು ಸಹಾಯವಾಣಿಯ ಕಾಗದದಲ್ಲಿ ಜಾಗವಿಲ್ಲ. ‘ಸರ್, ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡ್ತೀರಾ?’ ಎಂಬಲ್ಲಿಗೆ ಸಂಕಥನವು ವರ್ತುಲಾಕಾರದಲ್ಲಿ ಹಿಂದಿರುಗುತ್ತದೆ.

ಐಕ್ಷವ ಮಾಂದ್ಯ. ಇಕ್ಷು ಅಂದರೆ ಕಬ್ಬು. ಕೃಷ್ಣಾ, ದೂಧಗಂಗಾ, ವೇದಗಂಗಾ ನೀರು ಕುಡಿದು ಆಳೆತ್ತರ ಮೀರಿ ನಿಂತ ಕಬ್ಬಿನ ನಡುವಿನ ತೋಟದ ಮನೆಗಳಲ್ಲಿ ಫೋನು ಆಷಾಢದಿಂದ ಸೊರಗುತ್ತದೆ. ಹಸಿ ಎಲೆಯೊಳಗಿನ ನೀರು ರೇಡಿಯೊ ಅಲೆಯನ್ನು ಹೀರುತ್ತದೆ, ಇದು ಭೌತಶಾಸ್ತ್ರ. ಕಬ್ಬು ಕಡಿದ ಮ್ಯಾಲ ರೇಂಜ್ ಬರ್ತೈತಿ ಅನ್ನುವುದು ಲೋಕಜ್ಞಾನ. ಎರಡೂ ಒಂದೇ ಮಾತು, ಎರಡನೆಯದಕ್ಕೆ ಡಾಕ್ಟರೇಟ್ ಕೊಟ್ಟವರಿಲ್ಲ. ಆದರೆ ಕಡಿದ ಮೇಲೆ ಇನ್ನೊಂದು ಗಂಡಾಂತರ. ಮುಗಿಲಿಗೆ ಮುಟ್ಟುವಂತೆ ಹೇರಿದ ಜೋಡಿ ಟ್ರೇಲರುಗಳು ಕಾರ್ಖಾನೆ ದಾರಿ ಹಿಡಿದಾಗ, ವಿದ್ಯುತ್ ಕಂಬದಿಂದ ಕಂಬಕ್ಕೆ ಜೋತುಬಿದ್ದ ಫೈಬರು ಕಬ್ಬಿನ ತುದಿಗೆ ಸಿಕ್ಕಿ ಅದರೊಂದಿಗೇ ಪ್ರಯಾಣ ಬೆಳೆಸುತ್ತದೆ. ಆ ಗಾಜಿನ ಎಳೆಯ ದಪ್ಪ 125 ಮೈಕ್ರಾನು. ಕೇಂದ್ರದಿಂದ ಬೆಳಕು ಬರುವುದು ನಿಂತು, ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತದೆ. ಆಗ ಸಹಾಯವಾಣಿ ಏನು ಹೇಳುತ್ತದೆ? ಮೇಲೆ ಹೇಳಿದೆ.

ಪ್ರಭುತ್ವಾತ್ಮಕ ಮಾಂದ್ಯ. ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದವನ್ನು ಬಿಡಿಸಲು 1966ರಲ್ಲಿ ಮಹಾಜನ ಆಯೋಗ ಬಂತು, ಮರುವರ್ಷ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ನಡುವೆ ಟವರುಗಳು ತಮ್ಮಷ್ಟಕ್ಕೆ ತೀರ್ಪು ಕೊಟ್ಟುಬಿಟ್ಟವು. ಕಾಗವಾಡದ ಮಾಳಿಗೆಯ ಮೇಲೆ ನಿಂತವನ ಫೋನು ಗಡಿಯಾಚೆಯ ಮ್ಹೈಸಾಳದ ಟವರಿಗೆ ನಿಷ್ಠೆ ತೋರುತ್ತದೆ, ಕೊಗನೊಳಿಯದು ಕಾಗಲ್ ಕಡೆಗೆ ವಾಲುತ್ತದೆ. ಯಾವ ಕಡೆ ಸಿಗ್ನಲ್ ಬಲವೋ ಆ ಕಡೆ ಹೋಗುವುದು ಯಂತ್ರದ ಸ್ವಭಾವ, ಅದಕ್ಕೆ ಭಾಷಾಭಿಮಾನವಿಲ್ಲ. ಆದರೆ ಲೈಸೆನ್ಸಿನ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್ಲು, ಮಹಾರಾಷ್ಟ್ರ-ಗೋವಾ ಇನ್ನೊಂದು. ದೂರು ಕೊಟ್ಟರೆ ಈಚೆಯವರು ‘ಆ ಟವರ್ ನಮ್ಮದಲ್ಲ’ ಅನ್ನುತ್ತಾರೆ, ಆಚೆಯವರು ‘ನಂಬರ್ ನಮ್ಮದಲ್ಲ’ ಅನ್ನುತ್ತಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಕರ್ನಾಟಕದ ನಾಲ್ಕು ಜಿಲ್ಲೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಒಂದೇ ಕಾಗದದಲ್ಲಿ ಸೇರಿದವು, ಅಥಣಿಯ ಚಮ್ಮಾರನ ಕೆಲಸಕ್ಕೂ ಹೆಸರು ಬಂತು. ಚಪ್ಪಲಿಯ ಮಟ್ಟಿಗೆ ಸಾಧ್ಯವಾದ ಸಹಕಾರ ಸಿಗ್ನಲ್ಲಿಗೆ ಇನ್ನೂ ಒಲಿದಿಲ್ಲ.

ಜಲಾಧೀನ ಮಾಂದ್ಯ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ, 2021ರ ಜುಲೈನಲ್ಲಿ ನಿಪ್ಪಾಣಿ ಹತ್ತಿರ ಯಮಗರಣಿಯಲ್ಲಿ ಹೆದ್ದಾರಿಯ ಮೇಲೇ ನೀರು ಹರಿದಾಗ, ಎಲ್ಲಕ್ಕಿಂತ ಮೊದಲು ಬೇಕಾದದ್ದು ಸುದ್ದಿ. ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು, ಎಲ್ಲಿಗೆ ಬಂತು, ದನ ಎಲ್ಲಿ ಕಟ್ಟಬೇಕು. ಕಲ್ಲೋಳ-ಯಡೂರ ಸೇತುವೆ ಹೆಚ್ಚುಕಡಿಮೆ ಪ್ರತಿ ಮಳೆಗಾಲ ಮುಳುಗುತ್ತದೆ. ಕರೆಂಟು ಹೋದರೆ ಟವರು ಬ್ಯಾಟರಿಯ ಮೇಲೆ ಕೆಲ ಹೊತ್ತು ಉಸಿರಾಡುತ್ತದೆ, ಡೀಸೆಲ್ ತರುವ ದಾರಿ ನೀರಿನಡಿ ಇರುತ್ತದೆ. ಆಮೇಲೆ ನಡುಗಡ್ಡೆಯಾದ ವಸ್ತಿಯಲ್ಲಿ ಕೂತವರ ಫೋನು…

ಐದು, ಆರು, ಏಳನೆಯವನ್ನು ಬಿಡ್ರಿ. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಮಂದಿ ಒಂದೇ ಟವರಿನ ಕುತ್ತಿಗೆಗೆ ಜೋತುಬಿದ್ದರೆ ಏನಾಗುತ್ತದೆಂದು ವಿವರಿಸಲು ‘ಜಾತ್ರಾನಿಮಿತ್ತಕ’ ಎಂಬ ಪದ ಬೇಕಾಗಿಲ್ಲ. ಕರೆಂಟು ಹೋದರೆ ನೆಟ್ಟು ಹೋಗುತ್ತದೆ ಎಂಬುದಕ್ಕೂ ಬೇಡ.

ಅಧಿಕರಣ 3: ಬೆಳಕಿನ ವೇಗ ಕುರಿತು

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ನಿಪ್ಪಾಣಿಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 600 ಕಿಲೋಮೀಟರು. ಅಂದರೆ ಒಬ್ಬ ಮುದುಕಿಯ ಹೆಬ್ಬೆರಳಿನ ಗುರುತು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರೇ ಪಾಲಿನೊಳಗೆ ರಾಜಧಾನಿ ಮುಟ್ಟಬಹುದು. ಉಳಿದ ಮುಂಜಾನೆಯೆಲ್ಲ ಎಲ್ಲಿ ಹೋಗುತ್ತದೆ ಎಂಬುದೇ ಸಂಶೋಧನೆಯ ಸಮಸ್ಯೆ.

ಆ ಮುದುಕಿ ರೇಶನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದಾಳೆ. ನಿಪ್ಪಾಣಿಯಲ್ಲಿ ಜೀವಮಾನವೆಲ್ಲ ಬೀಡಿ ಸುತ್ತಿ ಬೆರಳ ಗೆರೆ ಸವೆದಿದೆ. ಯಂತ್ರ ಒಪ್ಪುತ್ತಿಲ್ಲ. ಒಪ್ಪದಿರುವುದು ಬೆರಳಿನಿಂದಲೋ ಲೈನಿನಿಂದಲೋ, ಅದನ್ನು ತಿಳಿಯುವ ದಾರಿ ಅವಳಿಗೂ ಇಲ್ಲ, ಅಂಗಡಿಯವನಿಗೂ ಇಲ್ಲ. ಆದರೂ ಹೇಳುವುದು ಏನು? ‘ಸರಿ ಒತ್ತಬೇ, ಬೆರಳು ಒರಸಿ ಒತ್ತು.’ ನನಗೆ ರೂಟರ್ ಆರಿಸಿ ಹಚ್ಚು ಅಂದದ್ದೂ ಅವಳಿಗೆ ಬೆರಳು ಒರಸು ಅಂದದ್ದೂ ಒಂದೇ ಶಾಸ್ತ್ರ: ತಪ್ಪು ನಿನ್ನ ಕಡೆಯದು. ನನಗೆ ಅದರಿಂದ ಒಂದು ಸಿನಿಮಾ ತಪ್ಪುತ್ತದೆ. ಅವಳಿಗೆ ಕೂಲಿ ತಪ್ಪುತ್ತದೆ, ಅಕ್ಕಿಯೂ ತಪ್ಪುತ್ತದೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ಅರ್ಜಿಗೆ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತ ಹೆಂಗಸರೂ ಇದೇ ಚಕ್ರವನ್ನು ನೋಡಿದರು. ಎಲ್ಲ ಆನ್‌ಲೈನ್ ಮಾಡಿದ್ದೇವೆ ಎಂದು ಫ್ಲೆಕ್ಸು ಕಟ್ಟಿದವರು, ಆ ಲೈನು ಕೆಟ್ಟ ದಿನ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಅಳೆದು ಕೊಡಿ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಯಾಕೆ ಬರೆಸಲಿಲ್ಲ?

ಪ್ರತಿ ಗ್ರಾಮ ಪಂಚಾಯ್ತಿಗೆ ಫೈಬರ್ ಎಂದು 2011ರಲ್ಲಿ ಒಪ್ಪಿಗೆಯಾದ ಯೋಜನೆಗೆ 2015ರಲ್ಲಿ ಭಾರತ್‌ನೆಟ್ ಎಂದು ನಾಮಕರಣವಾಯಿತು. ಪೆಟ್ಟಿಗೆ ಬಂದು ಕೂತ ಎಷ್ಟೋ ಪಂಚಾಯ್ತಿಗಳಲ್ಲಿ ಅದರ ಕೋಣೆಗೆ ಬೀಗ. ಕಾಗವಾಡ, ನಿಪ್ಪಾಣಿಗಳು ತಾಲ್ಲೂಕಾಗುತ್ತವೆ ಎಂದು 2017ರಲ್ಲಿ ಘೋಷಣೆಯಾಯಿತು. ಕಚೇರಿ ಬಂತು, ಬೋರ್ಡು ಬಂತು. ಆ ಕಚೇರಿಗಳ ಕಿಟಕಿಯಲ್ಲೂ ‘ಸರ್ವರ್ ಡೌನ್’ ಚೀಟಿ ಅಂಟುತ್ತದೆ, ಚೀಟಿಯನ್ನು ಮಾತ್ರ ಯಾರೂ ಬಂದ್ ಮಾಡಿಲ್ಲ.

ಅಧಿಕರಣ 4: ನಿವಾರಣೋಪಾಯ

ತಾತ್ವಿಕ ನೆಲೆಗಳು ಸಾಕು. ಲೈನು ಕಡಿದದ್ದನ್ನು ನಿಜವಾಗಿ ಕೂಡಿಸುವವನು ಸಹಾಯವಾಣಿಯವನಲ್ಲ, ಗುತ್ತಿಗೆದಾರನ ಕೈಕೆಳಗಿನ ಗುತ್ತಿಗೆದಾರನ ಕೈಕೆಳಗಿನ ಒಬ್ಬ ಹುಡುಗ. ಬೆನ್ನಿಗೆ ಚೀಲ, ಚೀಲದಲ್ಲಿ ಸ್ಪ್ಲೈಸಿಂಗ್ ಮಷಿನ್ನು. ಕಡಿದ ಎರಡು ತುದಿಗಳನ್ನು ಒರೆಸಿ, ಎದುರುಬದುರು ಹಿಡಿದು, ವಿದ್ಯುತ್ ಕಿಡಿಯಲ್ಲಿ ಕರಗಿಸಿ ಒಂದು ಮಾಡುತ್ತಾನೆ. ಕೆಂಪು ದೀಪ ಆರುತ್ತದೆ. ರಾಯಬಾಗದ ಬದಿಯಿಂದ ಅಥಣಿಯ ಬದಿಗೆ ಅದೇ ಬೈಕಿನಲ್ಲಿ ಓಡಬೇಕು, ಪೆಟ್ರೋಲು ಅವನದೇ. ಅಂಥವರನ್ನು ತಾಲ್ಲೂಕಿಗೆ ಇನ್ನೂ ನಾಲ್ಕು ಮಂದಿ ಇಡಿ. ಟ್ರೇಲರು ಹಾಯುವ ದಾರಿಯಲ್ಲಿ ವಾಯರನ್ನು ಕಬ್ಬಿಗಿಂತ ಎತ್ತರಕ್ಕೆ ಕಟ್ಟಿ, ಇಲ್ಲವೇ ನೆಲದಲ್ಲಿ ಹೂಳಿ. ಯಾವ ಊರಲ್ಲಿ ಎಷ್ಟು ತಾಸು ಲೈನು ಸತ್ತಿತ್ತು ಎಂಬುದನ್ನು ಪಂಚಾಯ್ತಿ ಗೋಡೆಗೆ ತಿಂಗಳಿಗೊಮ್ಮೆ ಅಂಟಿಸಿ, ಅಷ್ಟು ತಾಸಿನ ಹಣವನ್ನು ಬಿಲ್ಲಿನಿಂದ ಮುರಿಯಿರಿ. ನಮ್ಮನ್ನು ರೂಟರ್ ಆರಿಸಲು ಹೇಳುವುದು ಅದಾದ ಮೇಲೆ.