ಕಡತಚಲನ ಮೀಮಾಂಸೆ: ಘಟನಾಪ್ರೇರಿತ ಪರಿಶೀಲನೆಯನ್ನು ಕುರಿತು ಒಂದು ವಿನಮ್ರ ವಿವೇಚನೆ

ಕಡತವೆಂಬ ಪದಾರ್ಥವು ಸ್ವಭಾವತಃ ಅಚಲವಾದುದೆಂಬ ವಿಷಯದಲ್ಲಿ ಎಲ್ಲ ಪಂಥಗಳ ವಿದ್ವಾಂಸರಿಗೂ ಸಮ್ಮತಿಯಿದ್ದು, ಅದು ಆಗೊಮ್ಮೆ ಈಗೊಮ್ಮೆ ಚಲಿಸುವುದಕ್ಕೆ ಕಾರಣವೇನೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಪೂರ್ವಪಕ್ಷದವರ ಪ್ರಕಾರ ಕಡತವು ನಿಯಮದಿಂದ ಚಲಿಸುತ್ತದೆ. ಈ ವಾದವನ್ನು ಮಂಡಿಸಿದವರೆಲ್ಲರೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತದವರಾದ್ದರಿಂದ ಅದನ್ನಿಲ್ಲಿ ಖಂಡಿಸುವ ಅಗತ್ಯವಿಲ್ಲ. ಸಿದ್ಧಾಂತಪಕ್ಷವು ಕಡತವು ಘಟನೆಯಿಂದ ಚಲಿಸುತ್ತದೆಂದು ಸಾಧಿಸುತ್ತದೆ. ಘಟನೆಯೆಂದರೆ ಕಡತದ ಹೊರಗೆ ಸಂಭವಿಸಿ, ಅದನ್ನು ಇಟ್ಟುಕೊಂಡವರ ನೆಮ್ಮದಿಗೆ ಭಂಗ ತರುವಂಥದ್ದು: ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆ, ಶಾಸಕರ ಆಪ್ತ ಸಹಾಯಕರ ಫೋನು, 2005ರ ಅಧಿನಿಯಮದಡಿ ಬಂದ ಮಾಹಿತಿ ಹಕ್ಕಿನ ಅರ್ಜಿ, ಲೋಕಾಯುಕ್ತದವರು ಬರುವರೆಂಬ ವದಂತಿ. ಇವುಗಳಲ್ಲಿ ವದಂತಿಯೇ ಪ್ರಬಲತಮವಾದ ಪ್ರೇರಕವೆಂಬುದು ಶಾಸ್ತ್ರಜ್ಞರ ಮತ.

ಗಣಕತಜ್ಞರು ಈ ಪುರಾತನ ತತ್ತ್ವವನ್ನು ತಾವೇ ಕಂಡುಹಿಡಿದೆವೆಂದು ಭಾವಿಸಿ ಅದಕ್ಕೆ ಟ್ರಿಗರ್ ಎಂದು ಹೆಸರಿಟ್ಟಿದ್ದಾರೆ. ಒಂದು ಸಂಗತಿ ದಾಖಲಾದೊಡನೆ, ಯಾರೂ ಹೇಳದೆಯೇ, ಮುಂದಿನ ಹಂತವು ತಾನಾಗಿ ಆರಂಭವಾಗುವುದೇ ಅದರ ಲಕ್ಷಣ. ಇದಕ್ಕೆ ಕರ್ನಾಟಕದಲ್ಲಿ ದೊರೆಯುವ ಶುದ್ಧ ಉದಾಹರಣೆ ಜಮೀನಿನ ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಹಕ್ಕುದಾರರ ಹೆಸರನ್ನು ಬದಲಾಯಿಸುವ ಕ್ರಿಯೆ. ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಕ್ರಯಪತ್ರವು ಕಾವೇರಿ ತಂತ್ರಾಂಶದಲ್ಲಿ ನೋಂದಣಿಯಾದೊಡನೆ ಜೆ-ಸ್ಲಿಪ್ ಎಂಬ ಸೂಚನೆಯು ಕಂದಾಯ ಇಲಾಖೆಯ ಭೂಮಿ ತಂತ್ರಾಂಶವನ್ನು ತಲುಪಿ, ನೋಟಿಸು ಹೊರಟು, ತಕರಾರಿನ ಅವಧಿಯ ಲೆಕ್ಕ ಶುರುವಾಗುತ್ತದೆ. ಹಿಂದೆ ಇದೇ ಕಾಗದವು, ಎರಡೂ ಕಚೇರಿಗಳು ಒಂದೇ ಮಿನಿ ವಿಧಾನಸೌಧದ ಸೂರಿನಡಿ ಇದ್ದ ಊರುಗಳಲ್ಲಿಯೂ, ಟಪ್ಪಾಲಿನಲ್ಲಿ ದೇಶಾಂತರ ಹೋಗಿಬರುತ್ತಿತ್ತು. (ಈ ಸುಧಾರಣೆಯು ಅಣಕಕ್ಕೆ ಎಡೆಗೊಡದಷ್ಟು ಒಳ್ಳೆಯದಾಗಿರುವುದು ಪ್ರಸ್ತುತ ಪ್ರಬಂಧಕ್ಕೆ ಒದಗಿದ ದೊಡ್ಡ ತೊಡಕು.)

ಆದರೆ ಯಂತ್ರವು ಅರಿಯುವುದು ದಾಖಲಾದ ಘಟನೆಯನ್ನಷ್ಟೇ. ಕಚೇರಿಯ ಪ್ರತಿಭೆಯಿರುವುದು ದಾಖಲಾಗದ ಘಟನೆಗಳ ಸೃಷ್ಟಿಯಲ್ಲಿ. ಷರಾ, ಅಂದರೆ ಮೇಲಧಿಕಾರಿಯು ಟಿಪ್ಪಣಿಯ ಕೆಳಗೆ ಬರೆಯುವ ಕಿರು ಆಜ್ಞೆ, ಈ ಪ್ರತಿಭೆಯ ಮುಖ್ಯ ಪ್ರಕಾರ. 'ಪರಿಶೀಲಿಸಿ ಮಂಡಿಸಿ' ಎಂಬ ಷರಾ ಬಿದ್ದರೆ, ಪರಿಶೀಲಿಸಿಯೇ ಮಂಡಿಸಿದ್ದ ಕಡತವು ಪರಿಶೀಲನೆಗಾಗಿ ಹಿಂದಿರುಗುತ್ತದೆ. 'ಚರ್ಚಿಸಿ' ಎಂಬುದು ಅದಕ್ಕಿಂತ ಗಹನವಾದುದು: ಯಾರು, ಯಾರೊಡನೆ, ಎಂದು ಚರ್ಚಿಸಬೇಕೆಂಬುದನ್ನು ಅದು ಹೇಳದು, ಚರ್ಚೆ ನಡೆದದ್ದಕ್ಕೆ ಒತ್ತಬೇಕಾದ ಗುಂಡಿಯೂ ಇಲ್ಲ, ಹೀಗಾಗಿ ಎಂದಿಗೂ ವರದಿಯಾಗದ ಘಟನೆಯನ್ನು ಕಾಯುತ್ತ ಯಂತ್ರವು ಯೋಗನಿದ್ರೆಗೆ ಜಾರುತ್ತದೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರೂಪಿಸಿದ ಇ-ಆಫೀಸ್ ತಂತ್ರಾಂಶದಲ್ಲಿ ಕಳುಹಿಸಿದ ಮೇಲೆ ತಿದ್ದಲಾಗದ ಹಸಿರು ಟಿಪ್ಪಣಿಯೂ, ಕರಡಾಗಿಯೇ ಉಳಿಯಬಲ್ಲ ಹಳದಿ ಟಿಪ್ಪಣಿಯೂ ಇರುವುದರಿಂದ, ಅನುಭವಿ ವಿಷಯ ನಿರ್ವಾಹಕರು, ಅಂದರೆ ಕಡತವನ್ನು ಮೊದಲು ಕೈಗೆತ್ತಿಕೊಳ್ಳಬೇಕಾದ ಗುಮಾಸ್ತರು, ಯಾವ ಬಣ್ಣವನ್ನು ಆರಿಸಿಕೊಳ್ಳುವರೆಂಬುದನ್ನು ವಿವರಿಸಬೇಕಿಲ್ಲ. ಕೆಂಪುಪಟ್ಟಿಯ ಕಾಲ ಮುಗಿದು ವರ್ಣವೈವಿಧ್ಯದ ಕಾಲ ಬಂದಿದೆ.

ಸೇವೆಗೆ ಗೊತ್ತುಪಡಿಸಿದ ಅವಧಿ ಮುಗಿಯುವುದೂ ಒಂದು ಘಟನೆಯೇ ಎಂದು ಶಾಸನವು ಒಪ್ಪಿಕೊಂಡದ್ದು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಲ್ಲಿ. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಅರ್ಜಿಗೆ ಜಿಎಸ್‌ಸಿ ಎಂಬ ಸ್ವೀಕೃತಿ ಸಂಖ್ಯೆ ಬಿದ್ದೊಡನೆ ಗಡಿಯಾರ ಓಡತೊಡಗುತ್ತದೆ. ಇದರಿಂದ ಕಚೇರಿಗಳಲ್ಲಿ ಅಂತ್ಯದಿನವಾದ ಎಂಬ ಹೊಸ ದರ್ಶನವು ಹುಟ್ಟಿತು. ಅದರ ಪ್ರಕಾರ ಗಡಿಯಾರವು ಅಳೆಯುವುದು ವಿಲೇವಾರಿಯನ್ನೇ ಹೊರತು ಮಂಜೂರಾತಿಯನ್ನಲ್ಲ, ತಿರಸ್ಕಾರವೂ ವಿಲೇವಾರಿಯೇ, ಆದ್ದರಿಂದ ಕೊನೆಯ ದಿನದ ಮಧ್ಯಾಹ್ನ 'ಲಗತ್ತಿಸಿದ ದಾಖಲೆ ಅಸ್ಪಷ್ಟ' ಎಂದು ಅರ್ಜಿಯನ್ನು ಹಿಂದಿರುಗಿಸಿದವನು ಕಾಲವನ್ನೂ ಗೆದ್ದವನಾಗುತ್ತಾನೆ, ಮಾಸಿಕ ವರದಿಯಲ್ಲಿ ಮೊದಲ ಸ್ಥಾನವನ್ನೂ ಪಡೆಯುತ್ತಾನೆ.

ಈ ದರ್ಶನವನ್ನು ಅರಿಯದೆ ಅವಧಿ ಮೀರಿಸಿದ ಅಪಕ್ವ ನೌಕರನಿಗೆ ಶಾಸನವು ದಂಡ ವಿಧಿಸಿದೆ: ನಾಗರಿಕನಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ. ಅದನ್ನು ಪಡೆಯಲು ನಾಗರಿಕನು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು, ಮತ್ತು ಆ ಮೇಲ್ಮನವಿಗೆ ಪ್ರತ್ಯೇಕ ಕಡತವನ್ನು ತೆರೆಯಲಾಗುತ್ತದೆ.