ಪಾಕೀಟಿನ ಹಿಂದಿನ ಪುರಾಣ

ರೋಣದ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ಚಿಪ್ಸ್ ಪಾಕೀಟಿನ ಮೇಲೆ ಓದುವುದು ಎರಡೇ ಸಂಗತಿ: ರೇಟು ಮತ್ತು ‘20% ಹೆಚ್ಚು’. ಹಿಂಬದಿಯ ಸೋಡಿಯಂ, ಟ್ರಾನ್ಸ್ ಫ್ಯಾಟಿನ ಲೆಕ್ಕ ಓದಲು ಭೂತಗನ್ನಡಿ ಬೇಕು, ಇಂಗ್ಲಿಷೂ ಬೇಕು. 2020ರ ಲೇಬಲ್ ನಿಯಮದಂತೆ ವಿವರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ಸಾಕು. ಕನ್ನಡ ಕಂಪನಿಯ ಮರ್ಜಿ.

ನರಗುಂದದ ಮಿರ್ಚಿ ಭಜಿಗೆ, ಗಜೇಂದ್ರಗಡದ ಗಿರ್ಮಿಟ್ಟಿಗೆ ಲೇಬಲ್ಲೇ ಇಲ್ಲ. ಕಟ್ಟಿಕೊಟ್ಟ ಹಳೇ ಪೇಪರೇ ಲೇಬಲ್ಲು. ಎಣ್ಣೆಯಲ್ಲಿ ನೆನೆದು ಆಚೆಯ ಸುದ್ದಿ ಈಚೆಗೇ ಓದಲು ಬರುತ್ತದೆ! ಆ ಮಸಿ ಹೊಟ್ಟೆಗೆ ಒಳ್ಳೆಯದಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿಯಾಗಿದೆ. “ಕಾಕಾ, ಇದರಾಗ ಕ್ಯಾಲೊರಿ ಎಷ್ಟೈತ್ರಿ?” ಅಂದರೆ, “ಅದನ್ನೇನೂ ಹಾಕಿಲ್ಲಪಾ, ಬರೇ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು!”

ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು ಮಿತಿಮೀರಿದ ಪಾಕೀಟಿನ ಮುಂಭಾಗದಲ್ಲೇ ಕಪ್ಪು ಮುದ್ರೆ. ಬೆನ್ನಿಗೆ ಬರೆದ ಬುದ್ಧಿಮಾತು ಯಾರ ಕಣ್ಣಿಗೆ ಬಿದ್ದೀತು?

ನಮ್ಮಲ್ಲಿ ಅಂಥ ಮುದ್ರೆ ಬರುವತನಕ ಒಂದು ಸುಲಭ ಸೂತ್ರವಿದೆ: ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಸಕ್ಕರೆ ಮೊದಲ ಸಾಲಿನಲ್ಲೇ ಕೂತಿದ್ದರೆ, ತಮ್ಮಾ, ಪಾಕೀಟು ಅಲ್ಲೇ ಇಟ್ಟು ಶೇಂಗಾ ತಗೋ. ಅದನ್ನು ಸುಲಿದರೆ ಸಾಕು, ಓದುವ ಕೆಲಸವೇ ಇಲ್ಲ.